ಸಮ್ಮೇಳನಕ್ಕೆ ಯಾರು ಹೋಗಬೇಕು, ಬಂದು ಏನು ಮಾಡಬೇಕು?

ಪ್ರಶ್ನೆ: ನಮ್ಮದು ಐದು ಮಂದಿ ಸಿಬ್ಬಂದಿಯಿರುವ ಸಾರ್ವಜನಿಕ ಗ್ರಂಥಾಲಯ. ಸಮ್ಮೇಳನವಿರಲಿ, ಕಾರ್ಯಾಗಾರವಿರಲಿ, ಪ್ರತಿ ಸಲ ಮುಖ್ಯ ಗ್ರಂಥಪಾಲಕರೇ ಹೋಗಿಬರುತ್ತಾರೆ. ಎರವಲು ಕೌಂಟರಿನಲ್ಲಿ ದಿನವಿಡೀ ಕೂರುವ ನಾವು ಕೇಳಿದರೆ, ಹಣವಿಲ್ಲ, ಕೌಂಟರಿಗೆ ಜನ ಬೇಕು ಎಂಬ ಉತ್ತರ ಬರುತ್ತದೆ. ಹೀಗೆ ಕೇಳುವುದೇ ತಪ್ಪೇ?
– ಗ್ರಂಥಾಲಯ ಸಹಾಯಕಿ

ಉತ್ತರ: ತಪ್ಪಲ್ಲ, ಕೇಳುವುದಕ್ಕೆ ಗಟ್ಟಿ ಆಧಾರವೇ ಇದೆ. 1927ರಲ್ಲಿ ಸ್ಥಾಪನೆಯಾದ, ಗ್ರಂಥಾಲಯ ಸಂಘ-ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಇಫ್ಲಾ, ನಿರಂತರ ವೃತ್ತಿಕಲಿಕೆಯ ಕುರಿತ ತನ್ನ ಮಾರ್ಗಸೂಚಿಯಲ್ಲಿ, ಕೆಲಸದ ಅವಧಿಯ ಸುಮಾರು ಶೇ 10ರಷ್ಟನ್ನು ಸಮ್ಮೇಳನ, ಕಾರ್ಯಾಗಾರ, ಒಳತರಬೇತಿ ಹಾಗೂ ಅನೌಪಚಾರಿಕ ಕಲಿಕೆಗೆ ಬಿಟ್ಟುಕೊಡಬೇಕೆಂದೂ, ಆಯವ್ಯಯದಲ್ಲಿ ಕನಿಷ್ಠ ಶೇ 0.5ರಿಂದ 1ರಷ್ಟನ್ನು ಸಿಬ್ಬಂದಿಯ ಬೆಳವಣಿಗೆಗೆಂದೇ ತೆಗೆದಿಡಬೇಕೆಂದೂ ಹೇಳಿದೆ. ವಾರಕ್ಕೆ 40 ಗಂಟೆ ದುಡಿಯುವವರ ಪಾಲಿಗೆ ಅದು 4 ಗಂಟೆ. ಅಷ್ಟನ್ನೂ ಕೊಡುವ ಗ್ರಂಥಾಲಯ ವಿರಳವೆಂಬುದನ್ನು ಒಪ್ಪುತ್ತೇನೆ. ಆದರೂ ಚರ್ಚೆ ಸೊನ್ನೆಯಿಂದ ಆರಂಭವಾಗುವ ಬದಲು ಈ ಅಂಕಿಯಿಂದ ಆರಂಭವಾಗಲಿ.

ಇ-ಪುಸ್ತಕದ ಆ್ಯಪ್ ತೆರೆಯಲಾಗದೆ ಫೋನನ್ನೇ ನಿಮ್ಮತ್ತ ಚಾಚುವ ಹಿರಿಯರು, ಮಗುವಿಗೆ ಓದಲು ಕಷ್ಟವಾಗುತ್ತಿದೆ ಎಂದು ಮೆಲುದನಿಯಲ್ಲಿ ಹೇಳಿಕೊಳ್ಳುವ ತಾಯಿ ಮೊದಲು ಬರುವುದು ಕೌಂಟರಿಗೆ, ಮುಖ್ಯಸ್ಥರ ಕೋಣೆಗಲ್ಲ. ಆದ್ದರಿಂದ ಇಂಥ ವಿಷಯಗಳ ಕಾರ್ಯಾಗಾರಕ್ಕೆ ಮುಖ್ಯಸ್ಥರನ್ನು ಕಳುಹಿಸಿ ಕೌಂಟರಿನವರನ್ನು ಉಳಿಸಿಕೊಳ್ಳುವುದು, ಈಜು ಕಲಿಯಲು ದಡದಲ್ಲಿರುವವರನ್ನು ಕಳುಹಿಸಿದಂತೆ. ನಿಮ್ಮ ಮನವಿಯಲ್ಲಿ 'ನನಗೂ ಅವಕಾಶ ಬೇಕು' ಎಂದಷ್ಟೇ ಬರೆಯದೆ, ಕಳೆದ ಒಂದು ತಿಂಗಳಲ್ಲಿ ನಿಮಗೆ ಉತ್ತರಿಸಲಾಗದೆ ಹೋದ ಪ್ರಶ್ನೆಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಯಾವುದಕ್ಕೆ ಆ ಕಾರ್ಯಾಗಾರದಿಂದ ಉತ್ತರ ಸಿಗಬಹುದೆಂದು ತೋರಿಸಿ. ಬಂದ ಮೇಲೆ ವರದಿ ಬರೆದು ಕಡತಕ್ಕೆ ಸೇರಿಸುವುದು ಬೇಡ, ಅದನ್ನು ಯಾರೂ ಓದುವುದಿಲ್ಲ. ಬಾಗಿಲು ತೆರೆಯುವ ಮುನ್ನ ಅರ್ಧ ಗಂಟೆ ಸಹೋದ್ಯೋಗಿಗಳೆದುರು ಕಲಿತದ್ದನ್ನು ಮಾಡಿ ತೋರಿಸಿ, ಅವರ ಕೈಯಿಂದಲೂ ಮಾಡಿಸಿ. ಒಬ್ಬರ ಪ್ರಯಾಣದ ಖರ್ಚಿನಲ್ಲಿ ಐವರು ಕಲಿತರೆ ಹಣವಿಲ್ಲ ಎನ್ನುವ ಮಾತಿನ ಬಲ ಅರ್ಧ ಕುಗ್ಗುತ್ತದೆ.

ಪ್ರಶ್ನೆ: ವೆಬಿನಾರುಗಳು ಮನೆಯಲ್ಲೇ ಕುಳಿತು, ಬಹುಪಾಲು ಉಚಿತವಾಗಿ ಸಿಗುವಾಗ ಪ್ರಯಾಣ ಮಾಡಿ ಸೇರುವ ಕೂಟಗಳ ಅಗತ್ಯವೇನು?
– ಸೂಚೀಕರಣ ವಿಭಾಗದ ಸಿಬ್ಬಂದಿ

ಉತ್ತರ: ಕೃತಿಸ್ವಾಮ್ಯದ ನಿಯಮ ಏನು ಹೇಳುತ್ತದೆ ಎಂಬಂಥ ವಿಷಯಕ್ಕೆ ವೆಬಿನಾರ್ ಧಾರಾಳವಾಗಿ ಸಾಕು. ಕೈಪಳಗಬೇಕಾದ ಕೆಲಸಕ್ಕೆ ಸಾಲದು. ನಿಮ್ಮ ವಿಭಾಗದ್ದೇ ಉದಾಹರಣೆ ಕೊಡುವುದಾದರೆ, 2010ರಲ್ಲಿ, ಗ್ರಂಥಸೂಚಿಯಲ್ಲಿ ಪುಸ್ತಕದ ವಿವರಗಳನ್ನು ದಾಖಲಿಸುವ ಆರ್‌ಡಿಎ ನಿಯಮಾವಳಿ ಬಂದಾಗ, ಮೂವರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲನೆಯವರನ್ನಷ್ಟೇ ಹೆಸರಿಸುತ್ತಿದ್ದ ಹಳೆಯ ಕಟ್ಟುಪಾಡು ಸಡಿಲವಾಯಿತು. ಹೊಸ ನಿಯಮವನ್ನು ಓದಲು ಐದು ನಿಮಿಷ ಸಾಕು. ಆದರೆ ಹನ್ನೆರಡು ಲೇಖಕರ ಪುಸ್ತಕ ಮೇಜಿನ ಮೇಲೆ ಬಂದಾಗ ಎಷ್ಟು ಹೆಸರು ಬರೆಯಬೇಕೆಂಬ ವಿವೇಚನೆ, ಒಂದೇ ಪುಸ್ತಕಕ್ಕೆ ನಾಲ್ವರು ಬೇರೆ ಬೇರೆಯಾಗಿ ದಾಖಲೆ ತಯಾರಿಸಿ, ಅಕ್ಕಪಕ್ಕ ಇಟ್ಟು ವಾದಿಸಿದಾಗ ಬರುವಂಥದ್ದು. ಅದಕ್ಕೆ ಒಂದೇ ಮೇಜಿನ ಸುತ್ತ ಕೂರಬೇಕು.

ದೊಡ್ಡ ಸಮ್ಮೇಳನಗಳಲ್ಲಿ ವೇದಿಕೆಯ ಭಾಷಣಗಳಿಗಿಂತ ವಿರಾಮದ ಹರಟೆಯಲ್ಲೇ ಹೆಚ್ಚು ಕಲಿತೆವೆಂದು ಹೇಳುವವರಿದ್ದಾರೆ. ನನ್ನ ಅಭಿಪ್ರಾಯವೂ ಅದೇ. ಆ ಹರಟೆಯನ್ನೇ ಕಾರ್ಯಕ್ರಮವಾಗಿಸಿದ ಕೂಟಗಳೂ ಇವೆ: ಅಲ್ಲಿ ಮುಂಚಿತವಾಗಿ ಗೊತ್ತುಮಾಡಿದ ಭಾಷಣಗಳಿರುವುದಿಲ್ಲ, ಬಂದವರೇ ಬೆಳಿಗ್ಗೆ ವಿಷಯಗಳನ್ನು ಗೋಡೆಗೆ ಅಂಟಿಸಿ ಗುಂಪುಗಳಾಗುತ್ತಾರೆ, ಕಲಿಯುವುದೂ ಕಲಿಸುವುದೂ ಇಲ್ಲವೆನಿಸಿದವರು ಸಂಕೋಚವಿಲ್ಲದೆ ಎದ್ದು ಬೇರೆ ಗುಂಪಿಗೆ ಹೋಗಬಹುದು. ಇದನ್ನು 'ಎರಡು ಕಾಲಿನ ನಿಯಮ' ಎನ್ನುತ್ತಾರೆ. ದೀರ್ಘ ಸ್ವಾಗತ ಭಾಷಣಗಳಲ್ಲಿ ಸಿಕ್ಕಿಕೊಂಡವರಿಗೆ ಅದರ ಬೆಲೆ ಗೊತ್ತು. ನ್ಯೂಜಿಲೆಂಡಿನ ಒಂದು ಗ್ರಂಥಾಲಯ ವ್ಯವಸ್ಥೆಯಲ್ಲಿ 2000ರಲ್ಲಿ ಬಳಕೆಗೆ ಬಂದ 'ಕೋಹಾ' ಎಂಬ ಗ್ರಂಥಾಲಯ ನಿರ್ವಹಣೆಯ ಮುಕ್ತ ತಂತ್ರಾಂಶ ಇಷ್ಟು ದೂರ ಸಾಗಿಬಂದದ್ದರಲ್ಲಿಯೂ ತಂತ್ರಜ್ಞರೊಂದಿಗೆ ಗ್ರಂಥಪಾಲಕರು ಕಲೆತು, ತಮ್ಮ ತೊಡಕುಗಳನ್ನು ಮುಂದಿಟ್ಟ ಇಂಥ ಬಳಕೆದಾರರ ಕೂಟಗಳ ಪಾಲಿದೆ.

ಪ್ರಶ್ನೆ: ಸುತ್ತಮುತ್ತಲ ಗ್ರಂಥಾಲಯಗಳ ಸಿಬ್ಬಂದಿಯ ಕೂಟದಲ್ಲಿ ಐದು ನಿಮಿಷ ಮಾತನಾಡಲು ಕರೆದಿದ್ದಾರೆ. ನಮ್ಮಲ್ಲಿ ಹೇಳಿಕೊಳ್ಳುವಂಥ ಸಾಧನೆಯೇನೂ ಇಲ್ಲ. ಏನು ಮಾತನಾಡಲಿ?
– ಶಾಲಾ ಗ್ರಂಥಪಾಲಕ

ಉತ್ತರ: ಕೈಕೊಟ್ಟ ಕಾರ್ಯಕ್ರಮವೊಂದನ್ನು ಆರಿಸಿಕೊಳ್ಳಿ. ಯಾರಿಗಾಗಿ ಏರ್ಪಡಿಸಿದಿರಿ, ಎಷ್ಟು ಮಂದಿ ಬರುವರೆಂದುಕೊಂಡಿರಿ, ಕೊನೆಗೆ ಎಷ್ಟು ಮಂದಿ ಬಂದರು, ಇನ್ನೊಮ್ಮೆ ಮಾಡುವುದಾದರೆ ಏನನ್ನು ಬದಲಿಸುವಿರಿ ಎಂದಷ್ಟೇ ಹೇಳಿದರೆ ಐದು ನಿಮಿಷ ಮುಗಿಯುತ್ತದೆ. ನೀವು ಕುಳಿತ ಮೇಲೆ ಮೊದಲು ಏಳುವವರು ಬಹುಶಃ ಅದೇ ಪಾಡು ಪಟ್ಟವರೇ ಆಗಿರುತ್ತಾರೆ. ಅವರೊಡನೆ ಮಾತನಾಡಲು ಸ್ವಲ್ಪ ಸಮಯ ಉಳಿಸಿಕೊಂಡು ಹೋಗಿ.