ಆ ನಿಮಿಷದ ಸಂಬಳ ಕೊಟ್ಟವರು ಯಾರು?

ಈ ಸಲ ಬಂದ ಪತ್ರಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ: ಕೆಲಸದ ವೇಳೆಯಲ್ಲಿ ಯೂನಿಯನ್ ಚುನಾವಣೆಯ ಪ್ರಚಾರ. ನಾಲ್ಕು ಅಮೆರಿಕದಲ್ಲಿರುವ ಕನ್ನಡಿಗರವು, ಒಂದು ಪೀಣ್ಯದ್ದು.

ಪ್ರಶ್ನೆ: ನ್ಯೂಜೆರ್ಸಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದೇನೆ. ನಮ್ಮ ಯೂನಿಯನ್ ಲೋಕಲ್‌ನ (ಸ್ಥಳೀಯ ಘಟಕದ) ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದೇನೆ. 12 ಗಂಟೆಯ ಶಿಫ್ಟ್, ಜೊತೆಯವರು ಬೇರೆಲ್ಲೂ ಸಿಗುವುದಿಲ್ಲ. ಡ್ಯೂಟಿಯಲ್ಲಿ ಮತ ಕೇಳಬಾರದು ಅನ್ನುತ್ತಾರೆ. ಆದರೆ ಈಗಿನ ಅಧ್ಯಕ್ಷರು ದಿನವಿಡೀ ವಾರ್ಡ್ ಸುತ್ತುತ್ತಾರೆ. ಇದು ಸರಿಯೇ?

ಉತ್ತರ: ನಿಮಗೆ ಹೇಳಿದ್ದು ಸರಿ. ಆದರೆ ಅದೇ ಕಟ್ಟುಪಾಡು ಅಧ್ಯಕ್ಷರಿಗೂ ಇದೆ. ಯೂನಿಯನ್‌ಗಳ ಒಳಗಿನ ಚುನಾವಣೆಗೆ ಅಮೆರಿಕದಲ್ಲಿರುವ ಕಾನೂನಾದ 1959ರ ಲ್ಯಾಂಡ್ರಮ್–ಗ್ರಿಫಿನ್ ಕಾಯ್ದೆಯ 401(ಜಿ) ಕಲಮು ಇಷ್ಟು ಹೇಳುತ್ತದೆ: ಸದಸ್ಯರ ಚಂದಾ ಹಣವಾಗಲಿ, ಯಾವುದೇ ಮಾಲೀಕರ ಹಣವಾಗಲಿ ಒಬ್ಬ ಅಭ್ಯರ್ಥಿಯ ಪ್ರಚಾರಕ್ಕೆ ಹೋಗಕೂಡದು. ಸಂಬಳದ ಹೊತ್ತೂ ಹಣವೇ. ನೀವು ಡ್ಯೂಟಿಯಲ್ಲಿ ಅರ್ಧ ಗಂಟೆ ಕರಪತ್ರ ಹಂಚಿದರೆ ಆ ಅರ್ಧ ಗಂಟೆಯ ಕೂಲಿ ಕೊಟ್ಟದ್ದು ಆಸ್ಪತ್ರೆ. ಅಧ್ಯಕ್ಷರು ಯೂನಿಯನ್ ಸಂಬಳದಲ್ಲಿ ಹಂಚಿದರೆ ಕೊಟ್ಟದ್ದು ಸದಸ್ಯರು, ಅವರ ವಿರುದ್ಧ ಮತ ಹಾಕಲಿರುವ ನೀವೂ ಸೇರಿ. ಆದ್ದರಿಂದ ಅನುಮಾನ ಬಂದಾಗಲೆಲ್ಲ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಈ ನಿಮಿಷದ ಸಂಬಳ ಯಾರು ಕೊಡುತ್ತಿದ್ದಾರೆ?

ಊಟದ ಬಿಡುವು, ಚಹಾ ಬ್ರೇಕ್, ಶಿಫ್ಟ್‌ಗೆ ಮುಂಚೆ, ಶಿಫ್ಟ್ ಮುಗಿದ ಮೇಲೆ, ನೀವು ಗಳಿಸಿದ ರಜೆಯ ದಿನ, ಇವೆಲ್ಲ ನಿಮ್ಮ ಹೊತ್ತು. ಧಾರಾಳವಾಗಿ ಮತ ಕೇಳಿ. ಎದುರಿಗಿರುವವರೂ ಬಿಡುವಿನಲ್ಲಿದ್ದಾರೆಯೇ ಎಂದು ನೋಡಿಕೊಳ್ಳಿ. ನಿಮ್ಮ ಬ್ರೇಕ್‌ನಲ್ಲಿ ನೀವು ಮಾತಾಡುವುದು ಸರಿಯಾದರೂ, ಔಷಧಿ ಕೊಡುತ್ತಿರುವ ನರ್ಸನ್ನು ನಿಲ್ಲಿಸಿಕೊಂಡರೆ ಆಸ್ಪತ್ರೆಯ ಶಿಸ್ತಿನ ನಿಯಮ ಎದ್ದು ನಿಲ್ಲುತ್ತದೆ. ಕ್ಯಾಂಟೀನ್, ಸಿಬ್ಬಂದಿಯ ವಿಶ್ರಾಂತಿ ಕೋಣೆ, ಪಾರ್ಕಿಂಗ್ ಒಳ್ಳೆಯ ಜಾಗ. ರೋಗಿಯ ಹಾಸಿಗೆಯ ಹತ್ತಿರ ಬಿಡುವಿದ್ದಾಗಲೂ ಬೇಡ.

ಇನ್ನು ಅಧ್ಯಕ್ಷರ ಓಡಾಟ. ನಿಯಮಾವಳಿ ಒಂದು ಸಣ್ಣ ಕಿಂಡಿ ಬಿಟ್ಟಿದೆ: ಯೂನಿಯನ್‌ನ ಮಾಮೂಲಿ ಕೆಲಸದ ನಡುವೆ ಸಹಜವಾಗಿ ಬಂದು ಹೋಗುವ ಪ್ರಚಾರ ತಪ್ಪಲ್ಲ. ಓವರ್‌ಟೈಮ್ ದೂರಿನ ಬಗ್ಗೆ ಅವರು ನಾಲ್ಕನೇ ಮಹಡಿಗೆ ಬಂದಿದ್ದಾರೆ ಅನ್ನಿ. ಕಾರಿಡಾರಿನಲ್ಲಿ ಯಾರೋ "ಈ ಸಲವೂ ನಿಲ್ಲುತ್ತೀರಾ?" ಅಂದರು. "ಹೌದು, ನಿಮ್ಮ ಬೆಂಬಲ ಇರಲಿ" ಅಂದು ಕೈಕುಲುಕಿ ಮುಂದೆ ಹೋದರು. ಇದು ನಡೆಯುತ್ತದೆ. ಅದೇ ಮಹಡಿಗೆ ದೂರಿನ ಕಡತದ ಜೊತೆ ಕಂಕುಳಲ್ಲಿ ಕರಪತ್ರದ ಕಟ್ಟನ್ನೂ ತಂದು, ಪ್ರತಿ ನರ್ಸಿಂಗ್ ಸ್ಟೇಷನ್‌ನಲ್ಲಿ ಹತ್ತು ಹತ್ತು ಇಟ್ಟು ಹೋದರೆ ನಡೆಯುವುದಿಲ್ಲ. ದೂರೇ ಇಲ್ಲದ ವಾರ್ಡಿಗೆ ಚುನಾವಣೆಯ ತಿಂಗಳಲ್ಲಿ ಮಾತ್ರ ಕಾಲಿಡುವುದೂ ಸಹಜ ಓಡಾಟ ಅನ್ನಿಸಿಕೊಳ್ಳುವುದು ಕಷ್ಟ. ಅವರು ಆ ದಿನ ರಜೆ ಹಾಕಿದ್ದರೆ ಮಾತು ಬೇರೆ. ಆದರೆ ರಜೆ ಚೀಟಿ ಮೊದಲೇ ಬರೆದಿರಬೇಕು. ದೂರು ಬಂದ ಮೇಲೆ ಹಿಂದಿನ ತಾರೀಖು ಹಾಕಿ ಬರೆದ ರಜೆಯನ್ನು ತನಿಖೆಯವರು ನಂಬುವುದಿಲ್ಲ.

ನಿಮಗೆ ಜನ ಸಿಗದ ತೊಂದರೆಗೆ ಕಾಯ್ದೆಯಲ್ಲೇ ದಾರಿ ಇದೆ. ಹೆಚ್ಚಿನವರು ಅದನ್ನು ಬಳಸುವುದೇ ಇಲ್ಲ ಎಂಬುದು ನಮ್ಮ ಬೇಸರ. ನಿಮ್ಮ ಖರ್ಚಿನಲ್ಲಿ ನಿಮ್ಮ ಕರಪತ್ರವನ್ನು ಸದಸ್ಯರ ಮನೆಗಳಿಗೆ ಕಳಿಸಿಕೊಡಿ ಎಂದು ಕೇಳಿದರೆ, ಕೋರಿಕೆ ನ್ಯಾಯವಾಗಿದ್ದರೆ, ಯೂನಿಯನ್ ಒಪ್ಪಲೇಬೇಕು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ದರ. ಸದಸ್ಯತ್ವ ಕಡ್ಡಾಯವಿರುವ ಒಪ್ಪಂದ ನಿಮ್ಮದಾದರೆ, ಚುನಾವಣೆಗೆ ಮುಂಚಿನ 30 ದಿನಗಳಲ್ಲಿ ಒಮ್ಮೆ ಸದಸ್ಯರ ಹೆಸರು, ವಿಳಾಸದ ಪಟ್ಟಿಯನ್ನು ನೋಡುವ ಹಕ್ಕೂ ಇದೆ. ನೋಡಬಹುದು ಅಷ್ಟೇ, ನಕಲು ಕೇಳುವ ಹಕ್ಕಿಲ್ಲ. ಚುನಾವಣೆಯ ನೋಟಿಸ್ ಕನಿಷ್ಠ 15 ದಿನ ಮುಂಚೆ ಅಂಚೆಯಲ್ಲಿ ಮನೆಗೆ ಬರುತ್ತದೆ. ಅದು ಕೈಗೆ ಬರುವವರೆಗೆ ಕಾದರೆ ಕರಪತ್ರ ಅಚ್ಚಾಗಿ ಅಂಚೆ ಸೇರುವಷ್ಟರಲ್ಲಿ ಮತದಾನವೇ ಮುಗಿದಿರುತ್ತದೆ. ನಾಮಪತ್ರ ಒಪ್ಪಿಗೆಯಾದ ದಿನವೇ ಲಿಖಿತವಾಗಿ ಕೇಳಿ.

ಪ್ರಶ್ನೆ: ಕರಪತ್ರವನ್ನು ಆಫೀಸಿನ ಜೆರಾಕ್ಸ್‌ನಲ್ಲಿ ತೆಗೆದರೆ ತಪ್ಪೇ? ನನ್ನ ಚಿಕ್ಕಪ್ಪನಿಗೆ ಪ್ರಿಂಟಿಂಗ್ ಅಂಗಡಿ ಇದೆ, ಪುಕ್ಕಟೆ ಮಾಡಿಕೊಡುತ್ತೇನೆ ಅನ್ನುತ್ತಾರೆ. (ಇಲಿನಾಯ್)

ಉತ್ತರ: ಎರಡೂ ತಪ್ಪು, ಎರಡನೆಯದು ಜನರಿಗೆ ಹೊಳೆಯದ ತಪ್ಪು. "ಮಾಲೀಕರು" ಅಂದರೆ ನಿಮ್ಮ ಕಂಪನಿ ಮಾತ್ರ ಅಲ್ಲ. ನಿಮ್ಮ ಯೂನಿಯನ್‌ಗೆ ಯಾವ ಸಂಬಂಧವೂ ಇಲ್ಲದ ಮಾಲೀಕರೂ ಅದರಲ್ಲಿ ಸೇರುತ್ತಾರೆ. ಚಿಕ್ಕಪ್ಪನ ಅಂಗಡಿಯಲ್ಲಿ ಕೆಲಸಗಾರರಿದ್ದರೆ ಚಿಕ್ಕಪ್ಪನೂ ಮಾಲೀಕರೇ. ಪುಕ್ಕಟೆ ಬೇಡ, ಬೇರೆ ಗಿರಾಕಿಗಳಿಗಿಲ್ಲದ ರಿಯಾಯಿತಿಯೂ ಬೇಡ. ಎಲ್ಲರಿಗೂ ಕೊಡುವ ದರದಲ್ಲಿ ಮಾಡಿಸಿ, ನಿಮ್ಮ ಕೈಯಿಂದ ಹಣ ಕೊಟ್ಟು ರಸೀದಿ ಇಟ್ಟುಕೊಳ್ಳಿ. ಸ್ನೇಹಿತರ ಹೋಟೆಲಿನಲ್ಲಿ ಬೆಂಬಲಿಗರಿಗೆ ಬಿಟ್ಟಿ ಊಟ ಹಾಕಿಸುವುದೂ ಇದೇ ಲೆಕ್ಕ. ಕಂಪನಿಯ ಇಮೇಲ್, ಯೂನಿಯನ್ ಕಚೇರಿಯ ಫೋನ್, ಲೆಟರ್‌ಹೆಡ್ ಮುಟ್ಟಬೇಡಿ. ನಿಮ್ಮ ಸ್ವಂತ ಫೋನಿನಿಂದ, ಬಿಡುವಿನಲ್ಲಿ, ವಾಟ್ಸಾಪ್ ಮಾಡಿದರೆ ಯಾರ ಹಣವೂ ಅಲ್ಲ.

ಪ್ರಶ್ನೆ: ನಮ್ಮ ಲೋಕಲ್‌ನಲ್ಲಿ ಚುನಾವಣೆ ಮುಗಿದು ನಮ್ಮ ಕಡೆಯವರು 14 ಮತಗಳಿಂದ ಸೋತರು. ಗೆದ್ದವರು ಡ್ಯೂಟಿಯಲ್ಲೇ ಪ್ರಚಾರ ಮಾಡಿದ್ದನ್ನು ಹಲವರು ನೋಡಿದ್ದಾರೆ. ಕೋರ್ಟಿಗೆ ಹೋಗೋಣವೇ? (ಓಹಾಯೊ)

ಉತ್ತರ: ನೇರವಾಗಿ ಕೋರ್ಟಿಗೆ ಹೋಗಲು ಬರುವುದಿಲ್ಲ. ಮುಗಿದ ಚುನಾವಣೆಯನ್ನು ಪ್ರಶ್ನಿಸಿ ದಾವೆ ಹೂಡುವ ಅಧಿಕಾರ ಇರುವುದು ಕಾರ್ಮಿಕ ಇಲಾಖೆಯ ಕಾರ್ಯದರ್ಶಿಗೆ. ಮೊದಲು ನಿಮ್ಮ ಯೂನಿಯನ್ ಸಂವಿಧಾನ ಬಿಚ್ಚಿ ಆಕ್ಷೇಪಣೆಗೆ ಎಷ್ಟು ದಿನ ಎಂದು ನೋಡಿ. ಕೆಲವು ಕಡೆ ಬಹಳ ಕಡಿಮೆ ದಿನ ಇರುತ್ತದೆ, ಹಲವು ದೂರುಗಳು ಬಿದ್ದುಹೋಗುವುದು ಇಲ್ಲೇ. ಆ ಗಡುವಿನೊಳಗೆ ಲಿಖಿತ ಆಕ್ಷೇಪಣೆ ಕೊಡಿ. ಅಂತಿಮ ತೀರ್ಮಾನ ನಿಮ್ಮ ವಿರುದ್ಧ ಬಂದರೆ ಅಲ್ಲಿಂದ ಒಂದು ತಿಂಗಳೊಳಗೆ ಇಲಾಖೆಯಲ್ಲಿ ಯೂನಿಯನ್ ಚುನಾವಣೆಗಳ ದೂರು ನೋಡುವ ಒ.ಎಲ್.ಎಂ.ಎಸ್. ಕಚೇರಿಗೆ ದೂರು. ಮೂರು ತಿಂಗಳಾದರೂ ತೀರ್ಮಾನ ಬಾರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು ಕೊಡಬಹುದು, ಇಲ್ಲವೇ ಅಂತಿಮ ತೀರ್ಮಾನಕ್ಕೆ ಕಾದು ಅದರ ನಂತರದ ತಿಂಗಳಲ್ಲಿ ಕೊಡಬಹುದು. ದೂರಿಗೆ ಶುಲ್ಕವಿಲ್ಲ. ಇಲಾಖೆ ತನಿಖೆ ಮಾಡಿ, ಹುರುಳಿದ್ದರೆ 60 ದಿನದೊಳಗೆ ದಾವೆ ಹಾಕಬೇಕು. ಯೂನಿಯನ್ ಒಪ್ಪಿದರೆ ಈ ಗಡುವು ಮುಂದೆ ಹೋಗುತ್ತದೆ.

ತಪ್ಪು ನಡೆದರಷ್ಟೇ ಸಾಲದು, ಅದರಿಂದ ಫಲಿತಾಂಶ ಬದಲಾಗಿರುವ ಸಾಧ್ಯತೆ ಇರಬೇಕು. 14 ಮತದ ಅಂತರದಲ್ಲಿ, 40 ಜನರ ವಾರ್ಡಿನಲ್ಲಿ ಡ್ಯೂಟಿ ಹೊತ್ತಿನ ಪ್ರಚಾರ ನಡೆದಿದ್ದರೆ ನಿಮ್ಮ ದೂರಿಗೆ ಬಲವಿದೆ. 300 ಮತದ ಅಂತರವಿದ್ದು 20 ಜನರಿಗೆ ಕರಪತ್ರ ಹೋಗಿದ್ದರೆ ಇಲ್ಲ. ತಪ್ಪು ಸಾಬೀತಾದರೆ ಫಲಿತಾಂಶದ ಮೇಲೆ ಪರಿಣಾಮ ಆಗಿರಬಹುದೆಂದು ಮೇಲ್ನೋಟಕ್ಕೆ ಒಪ್ಪಬೇಕು, ಆಗಿಲ್ಲವೆಂದು ತೋರಿಸುವ ಹೊಣೆ ಯೂನಿಯನ್ನಿನದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1968ರಲ್ಲಿ ಹೋಟೆಲ್ ಕಾರ್ಮಿಕರ ಲೋಕಲ್ 6ರ ಪ್ರಕರಣದಲ್ಲಿ ಹೇಳಿದೆ. ಗೆದ್ದರೆ ಇಲಾಖೆಯ ಮೇಲ್ವಿಚಾರಣೆಯಲ್ಲಿ ಮರುಚುನಾವಣೆ.

"ಹಲವರು ನೋಡಿದ್ದಾರೆ" ಎಂದು ಬರೆದರೆ ಸಾಲದು. ತಾರೀಖು, ಗಂಟೆ, ಯಾವ ವಿಭಾಗ, ಹಂಚಿದವರ ಶಿಫ್ಟ್ ಆಗ ನಡೆಯುತ್ತಿತ್ತೆಂದು ತೋರಿಸುವ ರೋಸ್ಟರ್, ಅಲ್ಲಿ ಕೆಲಸದಲ್ಲಿದ್ದ ಸದಸ್ಯರ ಸಂಖ್ಯೆ, ಕರಪತ್ರದ ಒಂದು ಪ್ರತಿ, ನೋಡಿದವರ ಸಹಿ ಇರುವ ಹೇಳಿಕೆ ಬೇಕು. ನೆನಪು ಹಸಿಯಾಗಿರುವಾಗ ಬರೆಸಿ.

ಪ್ರಶ್ನೆ: ನಾನಿರುವ ಗೋದಾಮಿನಲ್ಲಿ ಯೂನಿಯನ್ ಬೇಕೋ ಬೇಡವೋ ಎಂಬ ಮತದಾನ ಬರುತ್ತಿದೆ. "ಕೆಲಸದ ಜಾಗದಲ್ಲಿ ಯೂನಿಯನ್ ಮಾತೇ ಬೇಡ" ಎಂದು ಸೂಪರ್‌ವೈಸರ್ ಹೇಳಿದರು. (ಟೆಕ್ಸಸ್)

ಉತ್ತರ: ಇದು ಬೇರೆ ಚುನಾವಣೆ, ಬೇರೆ ಕಾನೂನು: ಯೂನಿಯನ್ ಕಟ್ಟುವ ಹಕ್ಕನ್ನು ಕಾಯುವ 1935ರ ವ್ಯಾಗ್ನರ್ ಕಾಯ್ದೆ. ದುಡಿಯುವ ಹೊತ್ತು ದುಡಿಮೆಗೆ ಎಂದು ಕಂಪನಿ ಹೇಳಬಹುದು. ಬಿಡುವಿನ ಹೊತ್ತಿನಲ್ಲಿ ಕಂಪನಿಯ ಆವರಣದಲ್ಲೇ ಯೂನಿಯನ್ ಪರ ಮಾತಾಡುವ ಹಕ್ಕನ್ನು ಸುಪ್ರೀಂ ಕೋರ್ಟ್ 1945ರಲ್ಲೇ ಎತ್ತಿ ಹಿಡಿದಿದೆ. ಕರಪತ್ರ ಮಾತ್ರ ಬಿಡುವಿನಲ್ಲಿ, ಕೆಲಸ ನಡೆಯದ ಜಾಗದಲ್ಲಿ. ಸಾಮಾನು ಸಾಗಿಸುವ ಬೆಲ್ಟ್ ಪಕ್ಕ ಫುಟ್‌ಬಾಲ್ ಮಾತಿಗೆ ಅಡ್ಡಿ ಇಲ್ಲದಿದ್ದರೆ ಯೂನಿಯನ್ ಮಾತಿಗೆ ಮಾತ್ರ ಅಡ್ಡಿ ಮಾಡುವಂತಿಲ್ಲ. ಮತದಾನಕ್ಕೆ ಮುಂಚಿನ 24 ಗಂಟೆಗಳಲ್ಲಿ ಕಂಪನಿಯಾಗಲಿ ಯೂನಿಯನ್ ಆಗಲಿ ಕೆಲಸದ ವೇಳೆಯಲ್ಲಿ ಕಾರ್ಮಿಕರನ್ನು ಸೇರಿಸಿ ಭಾಷಣ ಮಾಡಬಾರದು ಎಂಬ ನಿಯಮ 1953ರಿಂದ ಇದೆ. ಸೂಪರ್‌ವೈಸರ್ ಆಡಿದ ಮಾತನ್ನು ಆಡಿದ ಹಾಗೇ, ತಾರೀಖು ಸಮೇತ, ಇಂದೇ ಬರೆದಿಡಿ. ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ದೂರು ಕೊಡಲು ಆರು ತಿಂಗಳ ಗಡುವಿದೆ.

ಪ್ರಶ್ನೆ: ನಮ್ಮಲ್ಲಿ ಹೇಗೆ? ಪೀಣ್ಯದ ಕಾರ್ಖಾನೆಯಲ್ಲಿ ಸಂಘದ ಪದಾಧಿಕಾರಿಗಳ ಚುನಾವಣೆ ಇದೆ.

ಉತ್ತರ: ನಿಮ್ಮ ಕಾರ್ಖಾನೆಯ ಸರ್ಟಿಫೈಡ್ ಸ್ಟ್ಯಾಂಡಿಂಗ್ ಆರ್ಡರ್ಸ್ (ಅಧಿಕೃತವಾಗಿ ಒಪ್ಪಿಗೆಯಾದ ಸೇವಾ ನಿಯಮಗಳು) ಮತ್ತು ಸಂಘದ ಬೈಲಾ, ಇವೆರಡನ್ನು ಮೊದಲು ಓದಿ. ಅನುಮತಿ ಇಲ್ಲದೆ ಆವರಣದಲ್ಲಿ ಕರಪತ್ರ ಹಂಚುವುದು ದುರ್ವರ್ತನೆ ಎಂದು ಅನೇಕ ಕಡೆ ಬರೆದಿರುತ್ತದೆ. ಕಾನೂನು, ಒಪ್ಪಂದ ಅಥವಾ ರೂಢಿ ಅವಕಾಶ ಕೊಟ್ಟಿದ್ದರೆ ಹೊರತು ಕೆಲಸದ ವೇಳೆಯಲ್ಲಿ ಸಂಘದ ಚಟುವಟಿಕೆ ಇಲ್ಲ ಎಂದು 1958ರ ಶಿಸ್ತು ಸಂಹಿತೆಯಲ್ಲಿ ಕಾರ್ಮಿಕ ಸಂಘಗಳೇ ಒಪ್ಪಿವೆ, ಅದು ಸ್ವಯಂಪ್ರೇರಿತ ಸಂಹಿತೆ. ಕ್ಯಾಂಟೀನ್ ಮತ್ತು ಗೇಟಿನ ಬಳಿ ಎಲ್ಲ ಪ್ಯಾನೆಲ್‌ಗಳಿಗೂ ಸಮಾನ ಹೊತ್ತು ಕೊಡಿ ಎಂದು ಚುನಾವಣಾಧಿಕಾರಿಯ ಮೂಲಕ ಆಡಳಿತವರ್ಗಕ್ಕೆ ಪತ್ರ ಬರೆಸಿ, ಅನುಮತಿಯನ್ನು ಲಿಖಿತವಾಗಿ ಪಡೆದು ನೋಟಿಸ್ ಬೋರ್ಡಿಗೆ ಹಾಕಿಸಿ.