ಕುಕ್ಕರ್ ಮನೆಯಲ್ಲೇ ಇರಲಿ

ದಾವಣಗೆರೆಯಿಂದ ನಾಲ್ಕು ಪುಟದ ಪತ್ರ ಬಂದಿದೆ. ಬರೆದವರಿಗೆ 47 ವರ್ಷ, ಮನೆಯ ಹಿರಿ ಸೊಸೆ. ಡಿಸೆಂಬರಿನಲ್ಲಿ ಮನೆಮಂದಿಯೆಲ್ಲ ಹತ್ತು ದಿನಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್‌ಗೆ ಹೊರಟಿದ್ದಾರೆ. ಗಂಡ, ಅತ್ತೆ, ಮೈದುನ, ವಾರಗಿತ್ತಿ, ಅವರ ಇಬ್ಬರು ಮಕ್ಕಳು, ಜೊತೆಗೆ ಇವರು. ಏರ್ಪಾಡೆಲ್ಲ ಮೈದುನನದು. ಇವರಿಗೆ ಮಾತ್ರ ಹೋಗಲು ಮನಸ್ಸಿಲ್ಲ. "ಅಲ್ಲಿ ಕಳ್ಳತನ ಜಾಸ್ತಿಯಂತೆ, ಸಮುದ್ರದಲ್ಲಿ ಶಾರ್ಕ್ ಇರುತ್ತವಂತೆ. ಫಾರಿನ್ ಟ್ರಿಪ್ ಬೇಡ ಅನ್ನೋರನ್ನ ಈಗಲೇ ನೋಡ್ತಿರೋದು ಅಂತ ವಾರಗಿತ್ತಿ ನಗುತ್ತಾಳೆ. ಯಾರಿಗೂ ಬೇಜಾರಾಗದ ಹಾಗೆ ಬರಲ್ಲ ಅಂತ ಹೇಗೆ ಹೇಳಲಿ?" ಎಂದು ಕೇಳಿದ್ದಾರೆ.

ನೋಡಿ ತಾಯಿ, ಭಯದ ಮಾತನ್ನು ಮೊದಲು ಮುಗಿಸಿಬಿಡೋಣ. ಶಾರ್ಕ್ ತಡೆಯಲು ಡರ್ಬನ್ನಿನ ಕಡಲಿಗೆ 1952ರಿಂದಲೇ ಬಲೆ ಹಾಕುತ್ತಾ ಬಂದಿದ್ದಾರೆ. ಜೀವರಕ್ಷಕರು ಬಾವುಟ ನೆಟ್ಟ ಜಾಗದೊಳಗೇ ನೀರಿಗಿಳಿದರಾಯಿತು. ಅದಕ್ಕಿಂತ ಮುಖ್ಯವಾಗಿ ವಿಚಾರಿಸಬೇಕಾದದ್ದು ನೀರಿನದೇ ಸ್ಥಿತಿ. 2022ರ ಏಪ್ರಿಲ್‌ನ ಮಹಾಪ್ರವಾಹದಲ್ಲಿ ಊರಿನ ಒಳಚರಂಡಿ ವ್ಯವಸ್ಥೆ ಹಾಳಾಗಿ, ಆಮೇಲೆ ಬೀಚ್‌ಗಳನ್ನು ಆಗಾಗ ಮುಚ್ಚಬೇಕಾಗಿ ಬಂತು. ಇಳಿಯುವ ದಿನ ಯಾವ ಬೀಚ್ ತೆರೆದಿದೆ ಎಂದು ಕೇಳಿಕೊಂಡೇ ಹೋಗಿ. ಕಳ್ಳತನದ ಮಾತು ಸುಳ್ಳಲ್ಲ. ಕತ್ತಲಾದ ಮೇಲೆ ನಡೆದು ಓಡಾಡಬೇಡಿ, ಟ್ಯಾಕ್ಸಿ ಕರೆಸಿಕೊಳ್ಳಿ. ರಸ್ತೆಯಲ್ಲಿ ಮೊಬೈಲ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಮಾಂಗಲ್ಯದ ಸರ ಮನೆಯಲ್ಲೇ ಇರಲಿ. ಡಿಸೆಂಬರ್ ಅಲ್ಲಿ ಬೇಸಿಗೆ, ಸೆಕೆ, ಮಳೆ; ಅವರ ಶಾಲೆಗಳಿಗೂ ರಜೆ, ಹಾಗಾಗಿ ಒಳನಾಡಿನ ಜನರೆಲ್ಲ ಕಡಲಿಗೆ ಬಂದಿರುತ್ತಾರೆ. ಹಿತವಾದ ಬಿಸಿಲು, ಒಣಹವೆ ಬೇಕಿದ್ದರೆ ಜೂನ್‌ನಿಂದ ಆಗಸ್ಟ್ ಒಳ್ಳೆಯದು. ಮಕ್ಕಳ ರಜೆ ನೋಡಿ ಡಿಸೆಂಬರ್ ಅಂದಿದ್ದಾರೆ, ಇರಲಿ.

ಈಗ ಮೂರನೇ ಪುಟದ ತಳಕ್ಕೆ ಬನ್ನಿ. ಅಲ್ಲಿ ನೀವು ಒಂದು ಸಾಲು ಬರೆದು, ಏನೂ ಆಗಿಲ್ಲವೆಂಬಂತೆ ವಿಮಾನದ ವಿಷಯಕ್ಕೆ ಹೋಗಿಬಿಟ್ಟಿದ್ದೀರಿ. "ಅತ್ತೆಗೆ ಹೊರಗಿನ ಊಟ ಆಗಿಬರಲ್ಲ ಅಂತ ಮೈದುನ ಅಡುಗೆಮನೆ ಇರೋ ಫ್ಲ್ಯಾಟೇ ಬುಕ್ ಮಾಡಿದ್ದಾರೆ, ಚಿಕ್ಕ ಕುಕ್ಕರ್ರು, ಸಾರಿನ ಪುಡಿ ತಗೊಂಡು ಹೋದರಾಯಿತು ಅಂದಿದ್ದಾರೆ."

ಕುಕ್ಕರ್ ತಗೊಂಡು ಹೋದರಾಯಿತು, ಸರಿ. ಅದನ್ನು ಒಲೆ ಮೇಲೆ ಇಡುವವರು ಯಾರು? ಬೆಳಿಗ್ಗೆ ಏಳು ಜನಕ್ಕೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ ಸಾರು, ರಾತ್ರಿ ಚಪಾತಿ. ಹತ್ತು ದಿನ ನೀವು ಹಿಂದೂ ಮಹಾಸಾಗರವನ್ನು ಅಡುಗೆಮನೆ ಕಿಟಕಿಯಿಂದ ನೋಡುತ್ತೀರಿ, ಅದೂ ಕಿಟಕಿ ಆ ದಿಕ್ಕಿಗಿದ್ದರೆ. ನಿಮಗೆ ಹೋಗಲು ಮನಸ್ಸಿಲ್ಲದ್ದನ್ನು ಶಾರ್ಕಿನ ತಲೆಗೆ ಏಕೆ ಕಟ್ಟುತ್ತೀರಿ?

ಮುದುಕರ ಹೊಟ್ಟೆಯ ಹೆಸರು ಹೇಳಿ ಗಂಡುಮಕ್ಕಳು ತಮ್ಮ ನಾಲಿಗೆ ಸಾಕಿಕೊಳ್ಳುತ್ತಾರೆ. ಇದನ್ನು ನಾನು ಈ ಅಂಕಣದಲ್ಲಿ ಹೇಳುತ್ತಲೇ ಬಂದಿದ್ದೇನೆ, ಬೈಗುಳದ ಪತ್ರಗಳೂ ಬರುತ್ತಲೇ ಇವೆ. ಹೋದ ವರ್ಷ ಕಾಶಿ ಯಾತ್ರೆಗೆ ಹೋದ ನಿಮ್ಮ ಅತ್ತೆ ಸಿಕ್ಕಿದ್ದನ್ನು ತಿಂದು ಗಟ್ಟಿಮುಟ್ಟಾಗಿ ಬಂದರು ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಲ್ಲ? ಕಾಶಿಯಲ್ಲಿ ಆದದ್ದು ಡರ್ಬನ್ನಿನಲ್ಲಿ ಏಕೆ ಆಗುವುದಿಲ್ಲ?

ಅದೂ ಡರ್ಬನ್ನಿನಲ್ಲಿ! ಮದ್ರಾಸಿನಿಂದ ಜನರನ್ನು ಹೊತ್ತು ಹೊರಟ 'ಟ್ರೂರೋ' ಹಡಗು 1860ರ ನವೆಂಬರ್ 16ರಂದು ಅಲ್ಲಿಗೆ ಬಂದು ಮುಟ್ಟಿತು. ಆಮೇಲೆ 1911ರವರೆಗೆ ಒಂದೂವರೆ ಲಕ್ಷ ಭಾರತೀಯರು ಕಬ್ಬಿನ ತೋಟದ ಕೂಲಿಗೆ ಕರಾರಿನ ಮೇಲೆ ಹೋದರು, ಹಿಂದೆಯೇ ಗುಜರಾತಿ ವ್ಯಾಪಾರಿಗಳು. ಅವರ ಮರಿಮಕ್ಕಳ ಊರು ಅದು. ತಮಿಳರು, ತೆಲುಗರು, ಬಿಹಾರದ ಕಡೆಯವರು, ಆ ನಾಡಿನವರೇ ಆದ ಜುಲು ಜನ, ಬಿಳಿಯರು ಎಲ್ಲರೂ ಒಂದೇ ಬೀದಿಯಲ್ಲಿ ಸಿಗುತ್ತಾರೆ. ಬ್ರೆಡ್ಡಿನ ತಿರುಳು ತೆಗೆದು ಒಳಗೆ ಪಲ್ಯ ತುಂಬಿ ಕೊಡುವ ಬನ್ನಿ ಚೌ ಅಲ್ಲಿಯದೇ ತಿಂಡಿ. ಸಸ್ಯಾಹಾರಿಗಳು 'ಬೀನ್ಸ್ ಬನ್ನಿ' ಎಂದು ಕೇಳಿದರೆ ಸಾಕು. ಬಿರಿಯಾನಿಯ ಜೊತೆ ಬೇಳೆ ಸಾರು ಬಡಿಸುತ್ತಾರೆ. ಅಲ್ಲಿನ ಚಾಟ್ಸ್‌ವರ್ತ್ ಬಡಾವಣೆಯ ಇಸ್ಕಾನ್ ದೇವಸ್ಥಾನದಲ್ಲಿ ಅಪ್ಪಟ ಸಸ್ಯಾಹಾರದ ಊಟವೇ ಇದೆ. ವಿಕ್ಟೋರಿಯಾ ಸ್ಟ್ರೀಟ್ ಮಾರ್ಕೆಟ್ಟಿನಲ್ಲಿ ಖಾರದ ಪುಡಿ ರಾಶಿ ರಾಶಿ. ಅದರಲ್ಲಿ ಒಂದಕ್ಕೆ ಅತ್ತೆಯನ್ನೇ ಮುಗಿಸುವ ಮಸಾಲೆ ಅಂತಲೇ ಹೆಸರು. ಅದನ್ನು ಮಾತ್ರ ನೀವು ಕೊಳ್ಳಬೇಡಿ, ಮನೆಯಲ್ಲಿ ಸುಮ್ಮನೆ ಮಾತಾದೀತು.

ಮೈದುನನ ಪಟ್ಟಿಯಲ್ಲಿ ಗಾಂಧೀಜಿಯವರ ಫೀನಿಕ್ಸ್ ಆಶ್ರಮವೂ ಇದೆಯಂತೆ, ಸಂತೋಷ. ಗಾಂಧೀಜಿ 1904ರಲ್ಲಿ ಕಟ್ಟಿದ್ದು, ನೋಡಲೇಬೇಕು. ಅಲ್ಲಿ ಫೋಟೋ ತೆಗೆಸಿಕೊಳ್ಳುವ ಹೊತ್ತಿಗೆ ಮೈದುನನಿಗೆ ಒಂದು ಮಾತು ತಿಳಿಸಿ. ಜೊಹಾನ್ಸ್‌ಬರ್ಗ್‌ನ ಮನೆಯಲ್ಲಿದ್ದಾಗ ಗಾಂಧೀಜಿ ಬೀಸುವ ಕಲ್ಲು ತರಿಸಿ, ಹಿಟ್ಟನ್ನು ತಾವೇ ಕೂತು ಬೀಸುತ್ತಿದ್ದರು. ಬ್ಯಾರಿಸ್ಟರರು!

ಈ ಮೈದುನನ ಮೇಲೆ ನನಗೆ ಕೆಂಡದಂಥ ಸಿಟ್ಟು ಬಂದಿದೆ. ಹೋಟೆಲಿನ ದುಡ್ಡು ಉಳಿಸಿ, ಅದನ್ನು ಅಮ್ಮನ ಮೇಲಿನ ಪ್ರೀತಿ ಅಂತ ತೋರಿಸಿ, ಕೆಲಸವನ್ನು ಅತ್ತಿಗೆಯ ತಲೆಗೆ ದಾಟಿಸಿದ ಬುದ್ಧಿವಂತ. ನಿಮ್ಮ ಯಜಮಾನರು ಪತ್ರದಲ್ಲಿ ಬರುವುದು ಒಂದೇ ಸಲ, "ನಿನ್ನಿಷ್ಟ" ಅಂದು ಪೇಪರ್ ಹಿಡಿಯುತ್ತಾರೆ. ಅವರನ್ನು ಬೈದು ನನ್ನ ಶಾಯಿ ಖರ್ಚು ಮಾಡಲಾರೆ. ವಾರಗಿತ್ತಿ ನಗುತ್ತಾಳೆ ಅಂದಿರಿ. ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಬೇಕಾದವಳು ತಾನೇ ಅಂತ ಇನ್ನೂ ಹೊಳೆದಿಲ್ಲ, ಪಾಪ. ಇವತ್ತೇ ಹೇಳಿ, ನಾಳೆಯೊಳಗೆ ನಿಮ್ಮ ಪಕ್ಷಕ್ಕೆ ಬರುತ್ತಾಳೆ.

ನೀವು ಮನೆಯಲ್ಲೇ ಉಳಿದರೆ ಯಾರಿಗೂ ಬೇಜಾರಾಗಲ್ಲ, ನಿಮಗೊಬ್ಬರಿಗೆ ನಷ್ಟ. ಬೆಳಗಿನ ಹೊತ್ತು ಅಲ್ಲಿನ ಕಡಲ ದಂಡೆಯ ಕಾಲುದಾರಿಯಲ್ಲಿ ಊರಿಗೆ ಊರೇ ನಡೆಯುತ್ತದೆ, ಓಡುತ್ತದೆ, ಸೈಕಲ್ ತುಳಿಯುತ್ತದೆ. ಮಣಿ, ಕೊಂಬು, ಗರಿಗಳ ಕಿರೀಟ ತೊಟ್ಟ, ಕೈರಿಕ್ಷಾ ಎಳೆಯುವ ಜುಲು ಜನ ನಿಂತಿರುತ್ತಾರೆ. 1989ರವರೆಗೂ ಆ ಮರಳು ಬಿಳಿಯರಿಗೆ ಬೇರೆ, ಭಾರತೀಯರಿಗೆ ಬೇರೆ, ಕರಿಯರಿಗೆ ಬೇರೆ ಎಂದು ಭಾಗವಾಗಿತ್ತು. ಬಿಳಿಯರ ಪಾಲಿನ ದಂಡೆಗೆ ಬೇಕೆಂದೇ ಹೋಗಿ ಕೂತು ಜನ ಪ್ರತಿಭಟಿಸಿದ್ದಾರೆ. ನಿಮ್ಮನ್ನು ತಡೆಯುತ್ತಿರುವುದು ಏಳು ಜನರ ಉಪ್ಪಿಟ್ಟು.

ಆದ್ದರಿಂದ ಹೋಗಿ. ಕುಕ್ಕರ್ ಮಾತ್ರ ಒಯ್ಯಬೇಡಿ. ಸಾರಿನ ಪುಡಿಯೂ ಬೇಡ, "ಎರಡೇ ಎರಡು ದಿನಕ್ಕೆ" ಅಂತ ಅವಲಕ್ಕಿಯೂ ಬೇಡ. ಮನೆಯ ವಾಟ್ಸಾಪ್ ಗ್ರೂಪಿನಲ್ಲಿ, ಅತ್ತೆಯೂ ಓದುವ ಹಾಗೆ, ಹೀಗೆ ಹಾಕಿ: "ನಾನು ಬರ್ತೀನಿ. ಅಡುಗೆ ಮಾಡಲ್ಲ. ಬೆಳಗಿನ ತಿಂಡಿ ಕೊಡೋ ಹೋಟೆಲ್ ನೋಡಿ." ವಿವರಣೆ ಕೊಡಬೇಡಿ, ನಗುವ ಮುಖದ ಚಿತ್ರವನ್ನೂ ಹಾಕಬೇಡಿ. ವೀಸಾ ಅರ್ಜಿಯ ಜೊತೆ ಉಳಿಯುವ ಜಾಗದ ಬುಕಿಂಗ್ ತೋರಿಸಬೇಕಾಗುತ್ತದೆ, ಆದ್ದರಿಂದ ಅರ್ಜಿ ಹಾಕುವ ಮುಂಚೆಯೇ ಇದು ಆಗಿಬಿಡಲಿ. ಫ್ಲ್ಯಾಟ್ ರದ್ದು ಮಾಡಿದರೆ ಮುಂಗಡ ಹೋಗುತ್ತದೆ ಅಂತ ಮೈದುನ ಅಂದರೆ, ಹೋಗಲಿ ಬಿಡಿ, ಅವರೇ ಕಟ್ಟಿದ್ದು ತಾನೇ.