ಮುಟ್ಟಿನ ಹೊಟ್ಟೆನೋವಿಗೆ ಮನೆಮದ್ದು ಏನು? ಡೇಟ್ ಸರಿಯಾಗಿ ಬರೋಕೆ ಕಷಾಯ ಇದೆಯಾ?

ವಯಸ್ಸು 22, ಹಾಸ್ಟೆಲ್ ವಾಸ. ಮೊದಲ ಎರಡು ದಿನ ಏಳೋಕಾಗದಷ್ಟು ಹೊಟ್ಟೆನೋವು. ಡೇಟ್ ಒಂದ್ಸಲ 30 ದಿನಕ್ಕೆ, ಇನ್ನೊಂದ್ಸಲ 48 ದಿನಕ್ಕೆ. ಮಾತ್ರೆ ಬೇಡ, ಮನೆಮದ್ದು ಹೇಳಿ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಹೈಸ್ಕೂಲಿನಿಂದ ಇದೇ ನೋವು ಉಂಡವಳು, ಹಾಗಾಗಿ ಈ ಬಗ್ಗೆ ಓದಿದ್ದು, ಡಾಕ್ಟರ್ ಹತ್ತಿರ ಕೇಳಿದ್ದು ಸ್ವಲ್ಪ ಜಾಸ್ತಿ. ನಿಮ್ಮದು ಒಂದು ಪ್ರಶ್ನೆ ಅಲ್ಲ, ಎರಡು. ನೋವಿಗೆ ಮನೆಯಲ್ಲೇ ಬೇಕಾದಷ್ಟು ಮಾಡಬಹುದು. ಡೇಟ್ ಏರುಪೇರಿಗೆ ಕಷಾಯ ಸಾಲದು, ಕಾರಣ ಹುಡುಕಬೇಕು.

ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಿಂದ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ಹೊರಡುತ್ತದೆ. ಅದು ಗರ್ಭಕೋಶವನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತದೆ. ಆಗ ಅಲ್ಲಿಗೆ ರಕ್ತ ಕಡಿಮೆ ಹೋಗಿ ನೋವು ಬರುತ್ತದೆ. ಅದೇ ಕರುಳನ್ನೂ ಕೆಣಕುವುದರಿಂದ ಕೆಲವರಿಗೆ ವಾಕರಿಕೆ, ಭೇದಿ ಶುರುವಾಗುತ್ತದೆ. ಮನೆಯಲ್ಲಿ "ಏನು ತಿಂದೆ ನಿನ್ನೆ?" ಅಂತ ಬೈಸಿಕೊಳ್ಳುವವರು ಸುಮ್ನೆ ಬೈಸಿಕೊಳ್ಳುತ್ತಿದ್ದಾರೆ.

ನಾನು ಮೊದಲು ಹೇಳೋದು ಶಾಖ. ಸುಮಾರು 40 ಡಿಗ್ರಿ ಬಿಸಿಯ ಪಟ್ಟಿಯನ್ನು ಕಿಬ್ಬೊಟ್ಟೆಗೆ ಹಾಕಿ ಪರೀಕ್ಷೆ ಮಾಡಿದಾಗ, ಐಬುಪ್ರೊಫೇನ್ ಅನ್ನೋ ನೋವಿನ ಮಾತ್ರೆಯಷ್ಟೇ ಆರಾಮ ಸಿಕ್ಕಿದೆ. ಹಾಸ್ಟೆಲಿನಲ್ಲಿ ಬಿಸಿನೀರಿನ ಚೀಲ ಇಲ್ಲದಿದ್ದರೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿ, ಟವೆಲ್ ಸುತ್ತಿ ಇಟ್ಟುಕೊಳ್ಳಿ. ಸೊಂಟಕ್ಕೂ ಇಡಿ. ಕುದಿಯೋ ನೀರು ಬೇಡ, ಅದನ್ನು ಇಟ್ಟುಕೊಂಡೇ ನಿದ್ದೆ ಮಾಡಲೂಬೇಡಿ. ಚರ್ಮ ಸುಡುತ್ತದೆ.

ಆಮೇಲೆ ಶುಂಠಿ. ಅಜ್ಜಿಯರ ಮಾತಿಗೆ ಇಲ್ಲಿ ಆಧಾರ ಇದೆ. ಮೊದಲ ಮೂರ್ನಾಲ್ಕು ದಿನ, ದಿನಕ್ಕೆ 750ರಿಂದ 2000 ಮಿಲಿಗ್ರಾಂ ಒಣಶುಂಠಿ ಪುಡಿ ಕೊಟ್ಟು ನೋಡಿದ ಅಧ್ಯಯನಗಳಲ್ಲಿ ನೋವು ಕಡಿಮೆಯಾಗಿದೆ. ಅಂದರೆ ದಿನಕ್ಕೆ ಒಟ್ಟು ಅರ್ಧ ಚಮಚದಿಂದ ಒಂದು ಟೀ ಚಮಚದ ಒಳಗೆ. ಬೆಲ್ಲ ಹಾಕಿ ಕುದಿಸಿ ಎರಡು ಮೂರು ಸಲ ಕುಡಿಯಿರಿ. ನೋವು ಏರಿದ ಮೇಲಲ್ಲ, ಮುಟ್ಟು ಶುರುವಾಗುತ್ತಿದ್ದ ಹಾಗೇ. ಹೊಟ್ಟೆ ಉರಿ ಇರುವವರು ಕಡಿಮೆ ಮಾಡಿ. ರಕ್ತ ತೆಳುವಾಗುವ ಔಷಧಿ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಬೇಡ. ಜೀರಿಗೆ, ಓಮ ಗ್ಯಾಸಿಗೆ ಹಿತ, ಅಷ್ಟೇ ಅಂದುಕೊಳ್ಳಿ.

ವ್ಯಾಯಾಮವೂ ಕೆಲಸ ಮಾಡುತ್ತದೆ. ಆದರೆ ಆ ದಿನ ಮಾತ್ರ ಮಾಡಿದರೆ ಆಗಲ್ಲ. ತಿಂಗಳಿಡೀ, ವಾರಕ್ಕೆ ಮೂರು ಸಲವಾದರೂ ಮುಕ್ಕಾಲು ಗಂಟೆ ಜೋರು ನಡಿಗೆಯೋ ಯೋಗವೋ ಬೇಕು.

ಮಾತ್ರೆ ವಿಷ ಅಲ್ಲ. ಮುಟ್ಟಿನ ನೋವಿಗೆ ಕೊಡೋ ಮೆಫೆನಾಮಿಕ್ ಆಸಿಡ್ ಮಾತ್ರೆ ತಡೆಯೋದು ಅದೇ ಪ್ರೊಸ್ಟಾಗ್ಲಾಂಡಿನನ್ನು. ಆದರೆ ಅಪರೂಪಕ್ಕೆ ಜ್ವರ, ಮೈತುಂಬ ದದ್ದು ಬರುವ ಗಂಭೀರ ಅಲರ್ಜಿ ಆಗಬಹುದು ಅಂತ 2023ರಲ್ಲಿ ಭಾರತೀಯ ಔಷಧ ಸಂಹಿತೆ ಆಯೋಗ ಎಚ್ಚರಿಸಿತ್ತು. ಅಸ್ತಮಾ, ಅಲ್ಸರ್, ಕಿಡ್ನಿ ತೊಂದರೆ ಇದ್ದರೂ ಆಗಲ್ಲ. ಹಾಗಾಗಿ ಮೆಡಿಕಲ್ ಶಾಪಿನಲ್ಲಿ ಹೆಸರು ಹೇಳಿ ತಂದು ನುಂಗೋದು ಬೇಡ. ಒಮ್ಮೆ ಡಾಕ್ಟರನ್ನು ಕೇಳಿ, ಊಟ ಆದಮೇಲೆ ತೆಗೆದುಕೊಳ್ಳಿ.

ಇನ್ನು ಡೇಟ್. ಮುಟ್ಟಾದ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನದವರೆಗೆ ಲೆಕ್ಕ ಹಾಕಬೇಕು. ತುಂಬಾ ಜನ ನಿಂತ ದಿನದಿಂದ ಎಣಿಸಿ ಗಾಬರಿಯಾಗುತ್ತಾರೆ. ದೊಡ್ಡವರಲ್ಲಿ 21ರಿಂದ 35 ದಿನ ಸಾಮಾನ್ಯ. 48 ದಿನ ಪದೇ ಪದೇ ಆಗುತ್ತಿದ್ದರೆ ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ಥೈರಾಯ್ಡ್, ಎದೆಹಾಲಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನ್ ಜಾಸ್ತಿಯಾಗೋದು, ಸರಿಯಾಗಿ ತಿನ್ನದೆ ಇಳಿದ ತೂಕ, ಪರೀಕ್ಷೆಯ ಒತ್ತಡ, ಯಾವುದು ಬೇಕಾದರೂ ಇರಬಹುದು. ಗರ್ಭದ ಸಾಧ್ಯತೆ ಇದ್ದರೆ ಮೊದಲು ಆ ಟೆಸ್ಟ್ ಮಾಡಿಕೊಳ್ಳಿ. ಪರಂಗಿ ಹಣ್ಣು, ಎಳ್ಳು ತಿಂದರೆ ಮುಟ್ಟು "ಬರುತ್ತೆ" ಅನ್ನೋದನ್ನು ನಾನು ನಂಬಲ್ಲ. ಅಂಡಾಣುವೇ ಬಿಡುಗಡೆಯಾಗದಿದ್ದರೆ ಪರಂಗಿ ಏನು ಮಾಡೀತು? ಪಿಸಿಒಡಿ ಇದ್ದು ತೂಕವೂ ಜಾಸ್ತಿ ಇದ್ದರೆ, ಶೇ. 5ರಿಂದ 10ರಷ್ಟು ಇಳಿಸಿದರೂ ಎಷ್ಟೋ ಜನರಿಗೆ ಡೇಟ್ ಸರಿಯಾಗುತ್ತಾ ಬರುತ್ತದೆ. ತೆಳ್ಳಗಿರುವವರಿಗೆ ಉಲ್ಟಾ, ಹೊಟ್ಟೆ ತುಂಬ ತಿನ್ನಬೇಕು. ರಕ್ತಸ್ರಾವ ಜಾಸ್ತಿ ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಊಟದ ಜೊತೆ ಟೀ ಕುಡಿಯಬೇಡಿ, ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿ. ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ.

ಮೂರು ತಿಂಗಳು ಮುಟ್ಟೇ ಆಗದಿದ್ದರೆ, ಗಂಟೆಗೊಂದು ಪ್ಯಾಡ್ ತೋಯುತ್ತಿದ್ದರೆ, ನೋವು ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಇದ್ದರೆ ಮನೆಮದ್ದು ಸಾಕು ಮಾಡಿ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಅದರ ಹೊರಗೂ ಬೆಳೆಯೋ ಕಾಯಿಲೆ) ಇದ್ದವರಿಗೆ "ಎಲ್ಲರಿಗೂ ನೋವಿರುತ್ತೆ" ಅಂತ ಹೇಳಿ ಹೇಳಿಯೇ ಕಾಯಿಲೆ ಗೊತ್ತಾಗೋದು ವರ್ಷಗಟ್ಟಲೆ ತಡವಾಗುತ್ತದೆ. ಮದುವೆಗೆ ಮುಂಚೆ ಗೈನಕಾಲಜಿಸ್ಟ್ ಯಾಕೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಸಾಮಾನ್ಯವಾಗಿ ಹೊಟ್ಟೆಯ ಮೇಲಿಂದಲೇ ಸ್ಕ್ಯಾನ್ ಮಾಡುತ್ತಾರೆ. ಕಳೆದ ಕೆಲವು ತಿಂಗಳ ಡೇಟ್ ಬರೆದುಕೊಂಡು ಹೋಗಿ, ಸ್ಕ್ಯಾನಿಗೆ ಮುಂಚೆ ಚೆನ್ನಾಗಿ ನೀರು ಕುಡಿದಿರಿ. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಸ್ಪಷ್ಟವಾಗಿ ಕಾಣುತ್ತದೆ.